ಎರಡನೆಯ ಮಗ್ಗುಲಿನ ಮೂರನೆಯ ಹಾಡು

ಹಾಗ್ಸೆತ್ರಾ, ಸ್ಟಾಕ್‌ಹೋಮ್
೧೭ ಅಕ್ಟೋಬರ್ ೧೯೯೩

ಟೋರ್ಡ್,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಚಿಕ್ಕಮ್ಮ ನೀನು ರೈಲುಹಳಿಯ ಕೆಲಸಕ್ಕೆ ಹೋಗಿದ್ದೀಯ ಎಂದರು. ನಾಲ್ಕನೆಯ ಸಲ ನೀನೇ ಎತ್ತಿಕೊಂಡೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಕಾಗದವನ್ನಾದರೆ ಹರಿದು ಹಾಕುವುದಕ್ಕಾದರೂ ಕೈಗೆ ತೆಗೆದುಕೊಳ್ಳಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸ್ಟೆಲ್ಲಾನ್ ಮಾತು ಬಿಟ್ಟು ಎಪ್ಪತ್ತಾರು ದಿನವಾಯಿತು. ಆಗಸ್ಟ್ ಎರಡರಂದು ಊಟಕ್ಕೆ ಕೂತಾಗ "ಇನ್ನೊಂದು ಆಲೂಗಡ್ಡೆ ಹಾಕ್ಲಾ?" ಎಂದು ಕೇಳಿದೆ. ನಾನು ಯಾವುದೋ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿದವಳ ಹಾಗೆ ನನ್ನನ್ನು ನೋಡಿದ. ಮುನಿಸಿರಬೇಕು ಅಂದುಕೊಂಡೆ. ಆಮೇಲೆ ಸ್ನಾನ ಬಿಟ್ಟ, ಊಟ ಬಿಟ್ಟ. ಸೆಪ್ಟೆಂಬರ್ ಒಂಬತ್ತಕ್ಕೆ ಆಂಬುಲೆನ್ಸ್ ಕರೆಸಿದೆ. ಈಗ ಮನೋರೋಗದ ವಾರ್ಡಿನಲ್ಲಿದ್ದಾನೆ. ಕೂರಿಸಿದರೆ ಕೂರುತ್ತಾನೆ, ಮಲಗಿಸಿದರೆ ಮಲಗುತ್ತಾನೆ. ದಿನವೂ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಎರಡು ಗಂಟೆಗೆ ಹೋಗಿ ಚಮಚದಲ್ಲಿ ಸೂಪ್ ಕುಡಿಸುತ್ತೇನೆ. ಆರು ಚಮಚ ಹೋದರೆ ಆ ದಿನ ಹಬ್ಬ.

ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ಹುಡುಗಿ. "ನಿಮ್ಮ ಮಗನಿಗೆ ಯಾವುದು ತುಂಬಾ ಇಷ್ಟ?" ಎಂದು ಕೇಳಿದಳು. ಟೋರ್ಡ್, ಹೆತ್ತವಳು ನಾನು, ನನಗೆ ಗೊತ್ತಿದ್ದದ್ದು ಒಂದೇ ಒಂದು ಉತ್ತರ. ನೀವು ಹುಡುಗರು ಬ್ಯಾಂಡ್ ಕಟ್ಟಿ ಮಾಡಿದ ಆ ರೆಕಾರ್ಡು. "ಅದ್ರಲ್ಲಿ ಏನಿದೆ?" ಎಂದಳು. ಮೂರು ವರ್ಷದಿಂದ ಮನೆಯಲ್ಲಿದೆ, ಒಂದು ಸಲವೂ ಪೂರ್ತಿ ಕೇಳಿಲ್ಲ.

ಮನೆಗೆ ಬಂದು ಹಾಕಿದೆ. ಮೊದಲು ಪ್ಲೇಯರಿನ ಮುಳ್ಳು ಕೆಟ್ಟಿದೆ ಅಂದುಕೊಂಡೆ. ಎರಡು ನಿಮಿಷಕ್ಕೆ ಮೇಲಿನ ಮನೆಯ ಮುದುಕ ಇಳಿದು ಬಂದು "ಗೋಡೆ ಕೊರೀತಿದ್ದೀರೇನ್ರೀ?" ಎಂದು ಕೇಳಿದ. ನಿಲ್ಲಿಸಿಬಿಟ್ಟೆ.

ನೀನು ಒಂದು ಸಲ ಬಂದು ಅವನ ಮುಂದೆ ಕೂರು. ಬರಲಾಗದಿದ್ದರೆ ಇದನ್ನು ಹೇಗೆ ಕೇಳಬೇಕು ಅನ್ನುವುದನ್ನಾದರೂ ಬರೆ.

ಮಾಯ್ಕೆನ್ ಷೋದಿನ್


ಯೆಲ್ಲಿವಾರೆ
೨ ನವೆಂಬರ್ ೧೯೯೩

ಮಾಯ್ಕೆನ್ ಆಂಟಿ,

ಕಾಗದ ಸಿಕ್ಕಿತು. ಸ್ಟೆಲ್ಲಾನ್ ವಿಷಯ ಓದಿ ಬೇಜಾರಾಯಿತು.

ನನಗೆ ಬರಲು ಆಗುವುದಿಲ್ಲ. ಇಲ್ಲಿ ಉತ್ತರದ ತುದಿಯಲ್ಲಿ ಹಿಮ ಬೀಳುತ್ತಿದೆ, ಹಳಿ ತೆರವು ಮಾಡಲು ಜನ ಸಾಲದು. ಆ ರೆಕಾರ್ಡು ಹದಿನೆಂಟು ವರ್ಷದ ಹುಡುಗರು ಮಾಡಿದ ಗಲಾಟೆ. ಹೆಣ, ಹುಳ, ಗೋರಿ, ಅಷ್ಟೇ. ನಿಮಗೆ ಹಿಡಿಸುವುದಿಲ್ಲ. ಅದರೊಳಗೆ ಅವನನ್ನು ಹುಡುಕಬೇಡಿ, ಸಿಗುವುದಿಲ್ಲ. ನಾನು ಗಿಟಾರ್ ಮುಟ್ಟಿಯೇ ಎರಡು ವರ್ಷವಾಯಿತು.

ಡಾಕ್ಟರು ಹೇಳಿದ ಹಾಗೆ ಮಾಡಿ.

ಟೋರ್ಡ್ ಎಕ್‌ಮನ್


ಹಾಗ್ಸೆತ್ರಾ
೬ ನವೆಂಬರ್ ೧೯೯೩

ಟೋರ್ಡ್,

ಏಳು ವರ್ಷದವನಿದ್ದಾಗಿನಿಂದ ನನ್ನ ಮೇಜಿನಲ್ಲಿ ಉಂಡವನು ನೀನು. ಗುರುವಾರ ಬಂತೆಂದರೆ ಬಟಾಣಿ ಸೂಪ್ ಬದಿಗೆ ತಳ್ಳಿ ಪ್ಯಾನ್‌ಕೇಕಿಗಾಗಿ ಕಾಯುತ್ತಿದ್ದೆ. "ಡಾಕ್ಟರು ಹೇಳಿದ ಹಾಗೆ ಮಾಡಿ" ಎಂದು ನನಗೇ ಬುದ್ಧಿ ಹೇಳುವಷ್ಟು ದೊಡ್ಡವನಾದೆಯಾ.

ಅವನ ಬಟ್ಟೆ ಜೋಡಿಸುವಾಗ ಖಾನೆಯಲ್ಲಿ ನೀನು ಬರೆದ ಚೀಟಿ ಸಿಕ್ಕಿತು. ೧೯೯೧ರ ಫೆಬ್ರವರಿಯದು. "ನಾಳೆ ಬಸ್ಸಿಗೆ ಬರಬೇಡ. ಹಾಡಲು ಬೇರೆಯವನು ಸಿಕ್ಕಿದ್ದಾನೆ." ಕೆಳಗೆ ಹೆಸರು ಕೂಡ ಇಲ್ಲ. ಜರ್ಮನಿಗೆ ಹೋಗುವ ಪ್ರವಾಸವನ್ನು ಅವನೇ ಬೇಡ ಅಂದ ಎಂದು ಇಷ್ಟು ದಿನ ನಂಬಿದ್ದೆ, ನನಗೆ ಹಾಗೇ ಹೇಳಿದ್ದ.

ಅದರ ಲೆಕ್ಕ ಕೇಳಲು ಬರೆಯುತ್ತಿಲ್ಲ. ನನಗೆ ಅಷ್ಟು ಪುರುಸೊತ್ತಿಲ್ಲ. ನಿನ್ನೆ ತೂಕ ನೋಡಿದರು, ನಲವತ್ತೊಂಬತ್ತು ಕಿಲೋ. ಅಂಗಿ ಬದಲಿಸುವಾಗ ಅವನ ಬೆನ್ನೆಲುಬನ್ನು ಒಂದೊಂದಾಗಿ ಎಣಿಸಬಹುದಿತ್ತು. ಕೆಲಸದಲ್ಲಿ ಮುನ್ನೂರು ಮಕ್ಕಳಿಗೆ ಬಡಿಸುತ್ತೇನೆ, ನನ್ನವನ ಬಾಯಿಗೆ ಒಂದು ಚಮಚ ಹೋಗುವುದಿಲ್ಲ.

ಚರ್ಚಿನ ಮೇಳದಲ್ಲಿ ಇಪ್ಪತ್ತಾರು ವರ್ಷದಿಂದ ಹಾಡುತ್ತಿದ್ದೇನೆ. ಕಿವುಡಿಯಲ್ಲ. ಹಿಡಿಸುತ್ತದೋ ಬಿಡುತ್ತದೋ ನೀನು ತೀರ್ಮಾನಿಸಬೇಡ. ನಿನ್ನ ಕ್ಷಮೆ ಬೇಡ, ಒಂದು ಪಾಠ ಸಾಕು. ಕಲಿಸು.

ಮಾಯ್ಕೆನ್


ಯೆಲ್ಲಿವಾರೆ
೨೮ ನವೆಂಬರ್ ೧೯೯೩

ಮಾಯ್ಕೆನ್ ಆಂಟಿ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನನ್ನ ಬಳಿ ಆ ರೆಕಾರ್ಡು ಇರಲಿಲ್ಲ. ಇಲ್ಲಿನ ಒಬ್ಬ ಹುಡುಗನಿಂದ ಟೇಪು ಇಸಕೊಂಡೆ. ಅದನ್ನು ಮಾಡಿದವನು ನಾನು ಎಂದರೆ ಅವನು ನಂಬಲಿಲ್ಲ. "ಅವ್ರೆಲ್ಲಾ ಸತ್ತೋಗಿದಾರೆ ಅಂದ್ಕೊಂಡಿದ್ದೆ" ಅಂದ.

ಮೊದಲನೆಯದಾಗಿ, ದನಿ ಕಡಿಮೆ ಮಾಡಿ ಕೇಳಬೇಡಿ. ಕಡಿಮೆ ಮಾಡಿದರೆ ಅದು ಕೊರೆಯುವ ಯಂತ್ರವೇ, ಮೇಲಿನ ಮುದುಕ ಹೇಳಿದ್ದು ಸರಿ. ದೊಡ್ಡದು ಮಾಡಿ, ಅಥವಾ ಸ್ಟೆಲ್ಲಾನ್‌ನ ಹೆಡ್‌ಫೋನ್ ಹಾಕಿಕೊಳ್ಳಿ. ರಾಗ ಎಲ್ಲಿದೆ ಎಂದು ಹುಡುಕಬೇಡಿ. ಹಾಡುವವನ ಕಡೆಗೂ ಗಮನ ಬೇಡ. ಡ್ರಮ್ ಒಂದನ್ನೇ ಹಿಡಿಯಿರಿ. ರೈಲು ಹಳಿಯ ಜೋಡಣೆಗಳ ಮೇಲೆ ಹೋಗುವಾಗ ಬರುವ ಸದ್ದಿನ ಹಾಗೆ ಓಡುತ್ತದೆ. ಒಂದು ಸಲ ಅದರ ಮೇಲೆ ಹತ್ತಿ ಕೂತರೆ ಉಳಿದದ್ದೆಲ್ಲ ಕಿಟಕಿಯ ಹೊರಗೆ ಹೋಗುತ್ತಿರುತ್ತದೆ, ಹೆದರಿಕೆ ಆಗುವುದಿಲ್ಲ.

ಆಮೇಲೆ ಗಿಟಾರ್. ತಂತಿಗಳನ್ನು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುವಷ್ಟು ಸಡಿಲ ಮಾಡಿದ್ದೆವು. ಕಾಲಡಿಯಲ್ಲಿ ಗಿಟಾರಿನ ಸದ್ದನ್ನು ಒರಟು ಮಾಡುವ ಒಂದು ಕರಿಯ ಪೆಡಲ್ ಇತ್ತು, ಅದಕ್ಕೆ ನಾಲ್ಕು ತಿರುಪು. ಯಾವ ತಿರುಪನ್ನು ಎಷ್ಟು ತಿರುಗಿಸಬೇಕು ಎಂದು ನಾನು ಮತ್ತು ಸ್ಟೆಲ್ಲಾನ್ ಒಂದು ಮಧ್ಯಾಹ್ನವಿಡೀ ಜಗಳವಾಡಿದೆವು. ಕೊನೆಗೆ ಅವನು ಬಗ್ಗಿ ನಾಲ್ಕನ್ನೂ ಕೊನೆಯವರೆಗೆ ತಿರುಗಿಸಿ "ಈಗ ಜಗಳ ಮುಗೀತು" ಅಂದ. ಆ ಗರಗಸದ ಸದ್ದು ಹುಟ್ಟಿದ್ದು ಹಾಗೆ. ಒಂದೇ ಸಾಲನ್ನು ಎರಡು ಸಲ ನುಡಿಸಿದ್ದೇನೆ, ಎಡಗಿವಿಗೊಂದು, ಬಲಗಿವಿಗೊಂದು. ಎಷ್ಟು ಸರಿಯಾಗಿ ನುಡಿಸಿದರೂ ಎರಡೂ ಕೂದಲೆಳೆಯಷ್ಟು ಬೇರೆಯಾಗಿರುತ್ತವೆ. ಆ ಎಳೆಯಷ್ಟು ಜಾಗದಲ್ಲೇ ಎಲ್ಲ ಇದೆ. ನಿಮ್ಮ ಮೇಳದಲ್ಲಿ ಹತ್ತು ಜನ ಒಂದೇ ಸ್ವರ ಹಾಡಿದಾಗ ಒಬ್ಬರೇ ಹಾಡಿದ ಹಾಗಿರುವುದಿಲ್ಲವಲ್ಲ, ಹಾಗೆ.

ಸ್ಟೆಲ್ಲಾನ್‌ನ ದನಿಯನ್ನು ಕೊನೆಗೆ ಕೇಳಿ. ಅದು ಗಂಟಲಿನದಲ್ಲ, ಹೊಟ್ಟೆಯದು. ಸ್ಟುಡಿಯೋ ಇಟ್ಟುಕೊಂಡಿದ್ದ ಮುದುಕ ರೂನೆ ನಲವತ್ತು ವರ್ಷ ಅಕಾರ್ಡಿಯನ್ ನುಡಿಸಿದವನು, ನಮ್ಮಂಥವರನ್ನು ಕಂಡವನಲ್ಲ. ಸ್ಟೆಲ್ಲಾನ್ ಮೊದಲ ಸಾಲು ಹಾಡಿದಾಗ ಯಂತ್ರ ನಿಲ್ಲಿಸಿ ಎದ್ದ. "ಹುಡುಗನಿಗೆ ಮೈ ಸರಿಯಿಲ್ವಾ? ನೀರು ಕೊಡ್ರಪ್ಪಾ" ಅಂದ. ಎಂಟನೆಯ ದಿನ ಅದೇ ರೂನೆ ಸ್ಟೆಲ್ಲಾನ್‌ಗೆ "ಆ ಕೊನೇದು ಇನ್ನೊಂಚೂರು ಕೆಳಗಿಂದ ಬರ್ಲಿ ಮಗಾ" ಎಂದು ಹೇಳಿಕೊಡುತ್ತಿದ್ದ.

ಮೊದಲನೆಯ ಮಗ್ಗುಲಿನ ಎರಡನೆಯ ಹಾಡಿನಲ್ಲಿ, ಮಧ್ಯದಲ್ಲಿ, ಎಲ್ಲವೂ ಒಮ್ಮೆಗೇ ನಿಧಾನವಾಗುತ್ತದೆ. ಅಲ್ಲಿ ಸುಮ್ಮನೆ ಇರಿ. ಏನೂ ಮಾಡಬೇಡಿ.

ಎರಡನೆಯ ಮಗ್ಗುಲಿನ ಮೂರನೆಯದನ್ನು ಬಿಟ್ಟುಬಿಡಿ. ಅದು ಅಷ್ಟು ಚೆನ್ನಾಗಿ ಬಂದಿಲ್ಲ.

ಟೋರ್ಡ್


ಹಾಗ್ಸೆತ್ರಾ
೧೨ ಡಿಸೆಂಬರ್ ೧೯೯೩

ಟೋರ್ಡ್,

ಇಪ್ಪತ್ತು ಸಲವಾದರೂ ಕೇಳಿರಬೇಕು. ಮೊದಲ ಐದಾರು ಸಲ ನಿನ್ನ ರೈಲು ನನ್ನನ್ನು ಹತ್ತಿಸಿಕೊಳ್ಳಲೇ ಇಲ್ಲ. ಆಮೇಲೆ ಒಂದು ಭಾನುವಾರ ಕ್ಯಾರೆಟ್ ಹೆರೆಯುತ್ತಿದ್ದೆ, ಕೈ ತಾನಾಗಿ ಡ್ರಮ್ಮಿನ ಜೊತೆ ಓಡುತ್ತಿದೆ. ಆ ನಿಧಾನದ ಜಾಗ ಬಂದಾಗ ಚಾಕು ಕೆಳಗಿಟ್ಟೆ. ಎದೆಯ ಮೇಲೆ ಯಾರೋ ದೊಡ್ಡ ಕೈಯೊಂದನ್ನು ಮೆಲ್ಲಗೆ ಇಟ್ಟ ಹಾಗಾಯಿತು. ಇಷ್ಟು ವರ್ಷ ಅದನ್ನು ಸಿಟ್ಟಿನ ಕಿರುಚಾಟ ಅಂದುಕೊಂಡಿದ್ದೆ. ಬಾಗಿಲು ಬಡಿದು "ಸಾಕು ನಿಲ್ಸೋ" ಎಂದು ಕೂಗಿದ್ದೆ. ಸಿಟ್ಟು ಒಂದು ಹನಿಯೂ ಇಲ್ಲ ಅದರಲ್ಲಿ. ತುಂಬ ಭಾರದ್ದೊಂದನ್ನು ಎತ್ತುವವರು ಹುಂಕರಿಸುತ್ತಾರಲ್ಲ, ಆ ದನಿ ಅದು.

ಟೇಪಿಗೆ ತುಂಬಿಸಿ ವಾರ್ಡಿಗೆ ಒಯ್ದೆ. ಅವನ ಕಿವಿಗೆ ಹೆಡ್‌ಫೋನ್ ಇಟ್ಟು ಒಂದು ಮಗ್ಗುಲು ಪೂರ್ತಿ ಕೇಳಿಸಿದೆ. ಕಣ್ಣೂ ಮಿಟುಕಿಸಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಾ ಇಪ್ಪತ್ತು ನಿಮಿಷ ಕೂತಿದ್ದೆ. ನರ್ಸ್ ಬಂದು "ಸಾಕು ಬಿಡಿ ಅಮ್ಮಾ" ಎಂದು ಹೆಡ್‌ಫೋನ್ ತೆಗೆದಳು. ಈಗ ನಲವತ್ತಾರು ಕಿಲೋ. ಸೋಮವಾರದಿಂದ ಮೂಗಿಗೆ ನಳಿಗೆ ಹಾಕುತ್ತಾರಂತೆ.

ನೀನು ಬಿಡು ಎಂದ ಹಾಡನ್ನೂ ಕೇಳಿದೆ. ಬಿಡು ಎಂದರೆ ಯಾರು ಬಿಡುತ್ತಾರೆ. ಶುರುವಿನಲ್ಲಿ ಗಿಟಾರ್ ಬರುವ ಮೊದಲು ಯಾರೋ ಉಸಿರಾಡುವುದು ಕೇಳುತ್ತದೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆ ಗುಡುಗಿನಲ್ಲಿ ಇಂಗ್ಲಿಷ್ ಬಂದವರಿಗೂ ಏನೂ ತಿಳಿಯಲಿಕ್ಕಿಲ್ಲ. ಆದರೆ ಒಂದು ಪದ ಇಂಗ್ಲಿಷಲ್ಲ. ಮಾಗೆಲುಂಗೆನ್. ಮೂರು ಸಲ ಬರುತ್ತದೆ. ಮುಳ್ಳನ್ನು ಎತ್ತಿ ಎತ್ತಿ ಇಟ್ಟು ಕೇಳಿದೆ.

ಆ ಕೆರೆಯಲ್ಲಿ ನನ್ನ ಎವರ್ತ್ ಮುಳುಗಿ ಹೋದದ್ದು ೧೯೮೨ರ ಮಾರ್ಚಿನಲ್ಲಿ. ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು ಅಪ್ಪ ಮಗ ಹೋಗಿದ್ದರು. ವಾಪಸು ಬಂದದ್ದು ಮಗ ಒಬ್ಬನೇ, ಅಂಗಿಯ ತೋಳು ಹೆಪ್ಪುಗಟ್ಟಿ ಕಟ್ಟಿಗೆಯಾಗಿತ್ತು. ಹನ್ನೊಂದು ವರ್ಷ ಅವನಿಗೆ. ಮಣ್ಣಾದ ಮಾರನೆಯ ದಿನ "ಅಮ್ಮಾ, ಅಲ್ಲಿ ಏನಾಯ್ತು ಗೊತ್ತಾ" ಎಂದು ಶುರುಮಾಡಿದ. ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗಿ ನೋಡದೆ "ಈ ಮನೇಲಿ ಆ ಮಾತು ಇನ್ನು ಬೇಡ" ಅಂದೆ. ಅವನು ಮತ್ತೆಂದೂ ಎತ್ತಲಿಲ್ಲ. ಒಳ್ಳೆಯ ಹುಡುಗ, ಮರೆತಿದ್ದಾನೆ ಅಂದುಕೊಂಡೆ.

ಆ ಹಾಡಿನ ಮಾತುಗಳನ್ನು ನಮ್ಮ ಭಾಷೆಯಲ್ಲಿ ಬರೆದು ಕಳಿಸು. ಎಲ್ಲವನ್ನೂ.

ಮಾಯ್ಕೆನ್


ಯೆಲ್ಲಿವಾರೆ
೨೦ ಡಿಸೆಂಬರ್ ೧೯೯೩

ಮಾಯ್ಕೆನ್ ಆಂಟಿ,

ಕೆಳಗೆ ಬರೆದಿದ್ದೇನೆ. ನನ್ನ ಅನುವಾದ ಸುಮಾರಿನದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಾಗೆಲುಂಗೆನ್, ನಿನ್ನ ಬಾಯಿ ಬಿಳಿ,
ಬಾಯೊಳಗೆ ಕಪ್ಪು.
ಹೊಟ್ಟೆ ಮೇಲೆ ಮಲಗಿದೆ, ಕೈ ಚಾಚಿದೆ,
ಅವನ ಕೈ ಸಿಕ್ಕಿತು.
ಮಾಗೆಲುಂಗೆನ್, ಮಂಜುಗಡ್ಡೆ ಕೂಗಿತು ನನ್ನೆದೆಯ ಕೆಳಗೆ.
ಅವನು ನನ್ನನ್ನೇ ನೋಡುತ್ತಿದ್ದ.
ಕೈ ಜಾರಿತು.
ಮಾಗೆಲುಂಗೆನ್, ಮೀನುಗಳಿಗೆ ಅವನ ಕಣ್ಣು,
ನನಗೆ ಅವನ ನೋಟ.

ಇದನ್ನು ಅವನು ಒಂದೇ ಸಲಕ್ಕೆ ಹಾಡಿದ. ಆ ಉಸಿರು ಅವನದೇ. ರೂನೆ ಅಳಿಸಲು ಹೊರಟಾಗ "ಇರ್ಲಿ ಬಿಡಿ" ಅಂದ. ಹಾಡಿ ಮುಗಿದ ಮೇಲೆ ಅವನೇ "ಯಾಕ್ರೋ, ಊಟಕ್ಕೆ ಹೋಗಲ್ವಾ?" ಎಂದು ಕೇಳಿದ. ಹುಡುಗರು ಅದನ್ನು ಹೆದರಿಸುವ ಹಾಡು ಎಂದೇ ತಿಳಿದಿದ್ದರು. ಅದು ಅವನ ಅಪ್ಪನ ಕಥೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಕೇಳಲಿಲ್ಲ.

ಆ ಚೀಟಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರವಾಸಕ್ಕೆ ಎರಡು ದಿನ ಮೊದಲು ಅಭ್ಯಾಸದ ಕೋಣೆಯಲ್ಲಿ ಅವನು ಗೋಡೆಗೆ ಮುಖಮಾಡಿ ಎರಡು ಗಂಟೆ ನಿಂತ. ಕರೆದರೆ ಓಗೊಡಲಿಲ್ಲ. ಭುಜ ಮುಟ್ಟಿದೆ, ಮರ ಮುಟ್ಟಿದ ಹಾಗಿತ್ತು. ನನಗೆ ಹತ್ತೊಂಬತ್ತು ವರ್ಷ, ಹೆದರಿದೆ. ನಿಮಗೆ ಬಂದು ಹೇಳಬೇಕಿತ್ತು. ಅದರ ಬದಲು ಬಾಗಿಲ ಕೆಳಗೆ ಚೀಟಿ ತಳ್ಳಿ ಬಸ್ಸು ಹತ್ತಿದೆ. ಆಗಲೇ ಹೇಳಿದ್ದರೆ ಎರಡೂವರೆ ವರ್ಷ ಮುಂಚೆ ಡಾಕ್ಟರು ನೋಡುತ್ತಿದ್ದರು. ಈ ಮಾತನ್ನು ಹಳಿಯ ಮೇಲೆ ಸಲಿಕೆ ಹಿಡಿದು ನಿಂತಾಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅದಕ್ಕೇ ಬರಲಾರೆ. ಯಾವ ಮುಖ ಹೊತ್ತು ಬರಲಿ.

ಟೋರ್ಡ್


ಹಾಗ್ಸೆತ್ರಾ
೯ ಜನವರಿ ೧೯೯೪

ಟೋರ್ಡ್,

ನೀನು ಬರೆದದ್ದನ್ನು ಬಾಯಿಪಾಠ ಮಾಡಿದೆ. ಕಾಗದ ನೋಡಿ ಓದಿದರೆ ಉಪದೇಶ ಓದಿದ ಹಾಗಿರುತ್ತದೆ ಅನ್ನಿಸಿತು. ಕ್ರಿಸ್‌ಮಸ್ ಕಳೆದ ಮೂರನೆಯ ದಿನ, ವಾರ್ಡು ಅರ್ಧ ಖಾಲಿ. ಅವನು ಕಿಟಕಿಯ ಬಳಿ ಕುರ್ಚಿಯಲ್ಲಿದ್ದ, ಮೂಗಿನಲ್ಲಿ ನಳಿಗೆ. ನಾನು ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು ಹೇಳಿದೆ. ನಿಮ್ಮ ಹಾಗೆ ಹೊಟ್ಟೆಯಿಂದ ತೆಗೆಯಲು ನನಗೆ ಬರುವುದಿಲ್ಲ. ಸುಮ್ಮನೆ, ಸಂತೆಗೆ ಹೋಗಿ ಬಂದದ್ದನ್ನು ಹೇಳುವ ಹಾಗೆ ಹೇಳಿದೆ. "ಕೈ ಜಾರಿತು" ಅನ್ನುವಲ್ಲಿಗೆ ಬಂದೆ.

"ಜಾರ್ಲಿಲ್ಲ," ಅಂದ.

ಐದು ತಿಂಗಳ ಮೇಲೆ. ತುಕ್ಕು ಹಿಡಿದ ಬಾಗಿಲು ತೆಗೆದ ಹಾಗಿತ್ತು ಆ ದನಿ.

"ಬಿಟ್ಟೆ," ಅಂದ. "ಮಂಜುಗಡ್ಡೆ ಒಡೀತಿತ್ತು. ನಾನೇ ಬಿಟ್ಟೆ."

ಟೋರ್ಡ್, ಆ ಪದವನ್ನು ನೀನು ಬದಲಿಸಿದ್ದೆ ಅಲ್ಲವೇ. ನನ್ನ ಮನಸ್ಸಿಗೆ ನೋವಾಗದಿರಲಿ ಎಂದು. ನಾನು ಹನ್ನೆರಡು ವರ್ಷ ಮಾಡಿದ್ದೂ ಅದನ್ನೇ, ನಿನ್ನನ್ನು ಹೇಗೆ ಬೈಯಲಿ.

ನಾನು ಅವನ ಎರಡೂ ಕೈ ಹಿಡಿದುಕೊಂಡೆ. "ನೀನು ಬಿಡ್ದೇ ಇದ್ದಿದ್ರೆ ಆ ವಾರ ನಾನು ಇಬ್ರನ್ನ ಹೂಳಬೇಕಿತ್ತು. ಬಿಟ್ಟು ಬಂದ್ಯಲ್ಲ, ಅದನ್ನ ಅವತ್ತೇ ಹೇಳ್ಬೇಕಿತ್ತು ನಾನು. ನೀನು ಹೇಳೋಕೆ ಬಂದಾಗ ಬೆನ್ನು ತೋರಿಸ್ದೆ" ಅಂದೆ. ಅವನು ನನ್ನನ್ನು ನೋಡಿದ. ಕೇಳಿತೋ ಇಲ್ಲವೋ ತಿಳಿಯಲಿಲ್ಲ. ಕಣ್ಣು ಮತ್ತೆ ಕಿಟಕಿಗೆ ಹೋಯಿತು.

ಇನ್ನು ಎಲ್ಲ ಸರಿಹೋಗುತ್ತದೆ ಎಂದು ಬಸ್ಸಿನಲ್ಲಿ ಅಳುತ್ತಾ ಮನೆಗೆ ಬಂದೆ. ಸರಿಹೋಗಲಿಲ್ಲ. ಆಮೇಲೆ ಹತ್ತು ದಿನ ಒಂದು ಮಾತಿಲ್ಲ. ಮೊನ್ನೆ ಗುರುವಾರ ಮೂಗಿನ ನಳಿಗೆಯನ್ನು ತಾನೇ ಕಿತ್ತೆಸೆದ, ಮತ್ತೆ ಹಾಕಲು ಮೂವರು ಹಿಡಿಯಬೇಕಾಯಿತು. ನಾನು ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದೆ. ಅವನು ಕೂಗುತ್ತಿದ್ದ. ಆ ಕೂಗಿನಲ್ಲಿ ರೆಕಾರ್ಡಿನದ್ದು ಏನೂ ಇರಲಿಲ್ಲ. ಅಲ್ಲಿ ಭಾರ ಎತ್ತುವವನು ಇದ್ದ, ಇಲ್ಲಿ ಭಾರ ಒಂದೇ ಇತ್ತು. ವ್ಯತ್ಯಾಸ ಕೇಳಿಸುವಷ್ಟು ಕಿವಿ ನೀನೇ ಕೊಟ್ಟದ್ದು.

ನನ್ನ ಕೈಯಲ್ಲಿದ್ದ ಮಾತೆಲ್ಲ ಮುಗಿಯಿತು. ಬಾ. ಯಾವ ಮುಖವಾದರೂ ಸರಿ.

ಮಾಯ್ಕೆನ್


ವಾರ್ಡ್ ನಾಲ್ಕು
೧ ಫೆಬ್ರವರಿ ಶುರು, ೬ ಫೆಬ್ರವರಿ ಮುಗಿಯಿತು, ೧೯೯೪

ಟೋರ್ಡ್,

ಇಲ್ಲಿ ಪೆನ್ ಕೊಡುವುದಿಲ್ಲ, ಅದಕ್ಕೆ ಪೆನ್ಸಿಲ್. ದಿನಕ್ಕೆ ನಾಲ್ಕೈದು ಸಾಲು ಬರೆಯಬಲ್ಲೆ. ಅಮ್ಮನಿಗೆ ನೀನು ಉತ್ತರ ಬರೆದಿಲ್ಲವಂತೆ. ಅವಳು ದಿನವೂ ಅಂಚೆಪೆಟ್ಟಿಗೆ ನೋಡಿ ಬರುತ್ತಾಳೆ, ಹೇಳುವುದಿಲ್ಲ, ಮುಖದಲ್ಲಿ ಕಾಣುತ್ತದೆ. ನಿನ್ನ ಕಾಗದಗಳನ್ನು ನನಗೆ ಓದಿ ಹೇಳಿದಳು.

ನಾನು ವಾಸಿಯಾಗಿದ್ದೇನೆ ಅಂದುಕೊಳ್ಳಬೇಡ. ಒಂದು ವಾರದಿಂದ ಚಮಚದಲ್ಲಿ ಉಣ್ಣುತ್ತಿದ್ದೇನೆ. ಅಷ್ಟೇ.

ಅಮ್ಮ ಇದೆಲ್ಲ ಅಪ್ಪನಿಂದ ಆದದ್ದು ಅಂದುಕೊಂಡಿದ್ದಾಳೆ. ನೀನು ನಿನ್ನ ಚೀಟಿಯಿಂದ ಆದದ್ದು ಅಂದುಕೊಂಡಿದ್ದೀಯ. ಇಬ್ಬರೂ ಜಗ್ಗಾಡಬೇಡಿ. ಅಪ್ಪನನ್ನು ಹೊತ್ತುಕೊಂಡೇ ನಾನು ಉಂಡೆ, ನಕ್ಕೆ, ನಿನ್ನ ಜೊತೆ ಸೈಕಲ್ ಕದ್ದೆ. ಚೀಟಿ ಓದಿ ಒಂದು ವಾರ ಅತ್ತೆ, ಆಮೇಲೆ ಬಿಟ್ಟೆ. ಈಗ ಬಂದಿರುವುದಕ್ಕೆ ಕಾರಣ ಇಲ್ಲ. ಕಾರಣ ಇದ್ದಿದ್ದರೆ ಅದರ ಕತ್ತು ಹಿಡಿಯಬಹುದಿತ್ತು.

ರೆಕಾರ್ಡಿನ ವಿಷಯದಲ್ಲೂ ನೀವಿಬ್ಬರೂ ತಪ್ಪು. ಅದು ದುಃಖದ್ದಲ್ಲ. ಆ ಎಂಟು ದಿನ ನೆಲಮಾಳಿಗೆಯಲ್ಲಿ ಒದ್ದೆ ಗೋಡೆ, ರೂನೆಯ ಕಾಫಿ, ನಾಲ್ವರಿಗೆ ಎರಡು ಸಾಸೇಜು. ನಾನು ಹುಟ್ಟಿದ ಮೇಲೆ ಅಷ್ಟು ಸಂತೋಷವಾಗಿದ್ದದ್ದು ಆಗ ಮಾತ್ರ. ಮಾಗೆಲುಂಗೆನ್ ಹಾಡಿದ ದಿನವೇ ಎಲ್ಲಕ್ಕಿಂತ ಹೆಚ್ಚು. ಹೇಳಿ ಮುಗಿಸಿದ್ದೆ ನೋಡು. ಹಸಿವಾಗಿತ್ತು.

ಇನ್ನೊಂದು ಮಾತು, ಅಮ್ಮನಿಗೆ ಹೇಳಿಲ್ಲ. ಜುಲೈ ಕೊನೆಯಲ್ಲಿ ರೆಕಾರ್ಡು ಹಾಕಿದೆ. ಡ್ರಮ್ ಇತ್ತು, ಗಿಟಾರ್ ಇತ್ತು, ನನ್ನ ದನಿ ಇತ್ತು. ಹಾಡು ಇರಲಿಲ್ಲ. ಎಲ್ಲವೂ ಬರೀ ಸದ್ದು, ನೀರಿನ ಕೊಳವೆಯ ಸದ್ದಿನ ಹಾಗೆ. ಬೇರೆ ರೆಕಾರ್ಡು ಹಾಕಿದೆ, ಅದೂ ಹಾಗೇ. ಆಮೇಲೆ ಮಾತುಗಳೂ ಹಾಗೇ ಆದವು. ಅಮ್ಮ ಆಲೂಗಡ್ಡೆ ಬೇಕಾ ಎಂದು ಕೇಳಿದಳಲ್ಲ, ಅದು ಬರೀ ಸದ್ದಾಗಿ ಬಂತು. ಅವಳು ಇಲ್ಲಿಗೆ ಟೇಪು ತಂದು ಕಿವಿಗಿಟ್ಟಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅದರಲ್ಲಿ ಹಾಡು ಕೇಳಿಸತೊಡಗಿತ್ತು, ನನಗೆ ಏನೂ ಇಲ್ಲ.

ಮಾತು ಈಗ ಸ್ವಲ್ಪ ಸ್ವಲ್ಪ ವಾಪಸು ಬರುತ್ತಿದೆ. ಹಾಡು ಬಂದಿಲ್ಲ. ಬರುತ್ತದೆ ಎಂದು ಡಾಕ್ಟರು ಹೇಳುವುದಿಲ್ಲ, "ನೋಡೋಣ" ಅನ್ನುತ್ತಾಳೆ.

ಭೇಟಿಯ ಹೊತ್ತು ಎರಡರಿಂದ ನಾಲ್ಕು. ಕ್ಷಮೆ ಕೇಳಲು ಬರುವುದಾದರೆ ಬರಬೇಡ, ನನಗೆ ಅದಕ್ಕೆ ಶಕ್ತಿಯಿಲ್ಲ. ಟೇಪು ತಗೊಂಡು ಬಾ. ಪಕ್ಕದಲ್ಲಿ ಕೂತು ಹಾಕು. ಅಮ್ಮನಿಗೆ ಬರೆದೆಯಲ್ಲ, ಹಾಗೇ ಹೇಳುತ್ತಾ ಹೋಗು, ಇಲ್ಲಿ ಡ್ರಮ್ ಬಂತು, ಇಲ್ಲಿ ಎಡಗಡೆಯ ಗಿಟಾರ್, ಇಲ್ಲಿ ನಿಧಾನವಾಯಿತು ಎಂದು. ನನ್ನ ಮುಖ ನೋಡಬೇಡ. ಅದರಲ್ಲಿ ಏನೂ ಕಾಣದಿದ್ದರೂ ನಡುವೆ ನಿಲ್ಲಿಸಬೇಡ.

ಸ್ಟೆಲ್ಲಾನ್